ಅಗಸಿಯಿಂದ ಟಾಕಿಯವರೆಗೆ

"ಈ ಗಾಡಿಗೆ ಏನೂ ಆಗಿಲ್ಲ ಬೇಟಿ," ಎಂದು ಮೆಕ್ಯಾನಿಕ್ ಪೀರಾ ಸಾಬ್ ಹಳೆ ಬನಿಯನ್ನಿನ ತುಂಡಿಗೆ ಕೈ ಒರೆಸಿಕೊಂಡ. "ಎರಡು ದಿನ ಬಿಚ್ಚಿ ನೋಡೀನಿ. ನಲವತ್ತು ವರ್ಷದ ಯಜ್ಡಿ, ನನಗಿಂತ ಗಟ್ಟಿ ಅದ."

ಮೌನೇಶ್ವರಿ ಒಪ್ಪಲಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದವಳು. ಉತ್ತರ ತಾಳೆಯಾಗದೆ ಪುಟ ತಿರುವುವ ಹೆಂಗಸಲ್ಲ. ಅಪ್ಪ ಸುಂಕಪ್ಪ ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ಅವನ ಮೋಟರ್‌ಸೈಕಲ್ ಕೊಳ್ಳಲು ಹಳೆ ಗಾಡಿಗಳ ಹುಚ್ಚಿನವರೊಬ್ಬರು ಭಾನುವಾರ ರಾಯಚೂರಿನಿಂದ ಬರುವವರಿದ್ದರು. ಅಲ್ಲೇ ನೌಕರಿಯಲ್ಲಿರುವ ತಮ್ಮ ಗೌತಮ ಫೋನಿನಲ್ಲಿ ಒತ್ತಿ ಹೇಳಿದ್ದ: "ಮೊದ್ಲ ಅದರ ರೋಗ ರಿಪೇರಿ ಮಾಡಿಸಕ್ಕ. ಮುಚ್ಚಿಟ್ಟು ಮಾರಿದ್ರ ಅಪ್ಪಗ ಕೆಟ್ಟ ಹೆಸರು."

ರೋಗ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಪೋತ್ನಾಳದ ಆಚೆಗಿನ ತಮ್ಮೂರಿನ ಅಗಸಿ ಬಾಗಿಲಿಗೆ ಬಂದರೆ ಸಾಕು, ಗಾಡಿ ಬಂದ್ ಬೀಳುತ್ತಿತ್ತು. "ಇಳೀರಿ, ತಳ್ಳೋಣು," ಎನ್ನುತ್ತಿದ್ದ ಅಪ್ಪ. ಅಕ್ಕ ತಮ್ಮ ಹಿಂದಿನಿಂದ ಹೋ ಎಂದು ತಳ್ಳುತ್ತ, ಬಿದ್ದು ಬಿದ್ದು ನಗುತ್ತ ಊರ ಸಾವುಕಾರನ ವಾಡೆಮನೆ ದಾಟಿ ನೀರಿನ ಟಾಕಿ ಮುಟ್ಟಿದರೆ, ಅಲ್ಲಿ ಒಂದೇ ಕಿಕ್ಕಿಗೆ ಶುರು. ಅವ್ವ ಸೆರಗು ಹೊದ್ದು ಪಕ್ಕದಲ್ಲಿ ನಡೆದು ಬರುತ್ತಿದ್ದಳು. ನಗುವುದರಲ್ಲಿ ಅಪ್ಪನೂ ಹಿಂದೆ ಬೀಳುತ್ತಿರಲಿಲ್ಲ.

"ರಾಯಚೂರು ರಸ್ತೇದಾಗ ಎಂದಾರ ನಿಂತಿತ್ತೇನು?" ಪೀರಾ ಸಾಬ್ ಕೇಳಿದ.

"ಇಲ್ಲ ಚಾಚಾ."

"ಊರು ಬಿಟ್ಟು ಹೊರಗ ಹೋಗುವಾಗ?"

"ಆಗನೂ ಅಷ್ಟ. ಟಾಕಿಯಿಂದ ಅಗಸಿತನಕ."

"ಇಂಜಿನ್ನಿಗೆ ಯಾವುದು ಯಾರ ಮನಿ ಅಂತ ತಿಳೀತದೇನು ಬೇಟಿ?" ಮುದುಕ ಚಾವಿಯ ಗುಂಡಿಯ ಮೇಲೆ ಬೆರಳಿಟ್ಟ. "ಇಡೀ ಗಾಡ್ಯಾಗ ಸವದದ್ದು ಇದೊಂದ. ಆಗಿನ ಕಾಲದಾಗ ನಾನ ಮೂರು ಸಲ ಬದಲ್ ಮಾಡೀನಿ. ಚಾಲೂ ಇದ್ದ ಗಾಡಿ ಯಾಕ ಆರಿಸ್ತಾರಂತ ಮೇಷ್ಟ್ರು ಹೇಳಲಿಲ್ಲ, ನಾ ಕೇಳಲಿಲ್ಲ."

ತಮ್ಮ ಕೇರಿಯವರು ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರೆಂದು ಮೌನೇಶ್ವರಿ ಕೇಳಿದ್ದಳು. ಅದೆಲ್ಲ ಮುತ್ತಜ್ಜನ ಕಾಲದ್ದು ಎಂದುಕೊಂಡಿದ್ದಳು. ಗಾಡಿಯ ಮೇಲೆ ಕುಳಿತು ಅಲ್ಲಿ ದಾಟುವಂತಿಲ್ಲ ಎಂಬ ಅವಮಾನವನ್ನು ಅಪ್ಪ ಮಕ್ಕಳ ಕೈಗೆ ಆಟ ಮಾಡಿ ಕೊಟ್ಟಿದ್ದ. ಆ ಆಟವನ್ನು ಅವಳು ಎಷ್ಟು ಖುಷಿಯಿಂದ ಆಡಿದ್ದಳು! ಮಾನ್ವಿಯಲ್ಲಿ ಮನೆ ಮಾಡಿದ ಮೇಲೆ ಅಪ್ಪ ಆ ಗಾಡಿಯನ್ನು ಊರಿಗೆ ಒಯ್ದವನೇ ಅಲ್ಲ. ಬಸ್ಸಿಗೆ ಹೋಗಿ, ಅಗಸಿಯ ಹೊರಗೆ ಇಳಿದು, ಅವ್ವನ ಜೊತೆ ನಡೆದೇ ಹೋಗುತ್ತಿದ್ದ.

ಸಂಜೆ ಅವ್ವ ಕನಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. "ನಿನಗ ಗೊತ್ತಿತ್ತೇನವ್ವ?" ಎಂದು ಮಗಳು ಎದುರಿಗೆ ಕುಕ್ಕರಿಸಿದಳು.

"ಗೊತ್ತಿಲ್ದ ಏನು?" ಕನಕಮ್ಮ ಮೊರ ಕೆಳಗಿಟ್ಟಳು. "ನೀವು ನಗಾಕತ್ತಿದ್ರಿ. ಮಕ್ಕಳು ಇಷ್ಟು ನಗಾಕತ್ತಾವ, ಹೇಳಿ ಯಾಕ ಕೆಡಸೂದು ಅಂದ್ರು ನಿಮ್ಮಪ್ಪ."

ರಾತ್ರಿ ಫೋನಿನಲ್ಲಿ ಗೌತಮನಿಗೂ ಎಲ್ಲ ಹೇಳಿದಳು. "ಈಗ ಇಳಿ ಅನ್ನೋರು ಯಾರದಾರಕ್ಕ? ಸಾವುಕಾರ ಸತ್ತು ಹೋದ. ನಮ್ಮ ಕೇರಿ ಹುಡುಗ್ರು ದಿನಾ ವಾಡೇದ ಮುಂದ ಭರ್ ಅಂತ ಗಾಡಿ ಬಿಡ್ತಾವ. ನೋಡಿದಾಗೆಲ್ಲ ಸಂಕಟ ಆಗೂ ಗಾಡಿ ಮನ್ಯಾಗ ಯಾಕ? ಕೊಟ್ಟುಬಿಡು," ಎಂದ.

"ಹುಡುಗ್ರ ಗಾಡಿ ಹೋಗ್ತಾವ. ಅಪ್ಪನ ಗಾಡಿ ಹೋಗಿಲ್ಲ. ಆ ರಾಯಚೂರಿನವ್ರಿಗೆ ಬರಬ್ಯಾಡ್ರಿ ಅಂತ ಹೇಳು."

"ಓಡಸೋರು ಯಾರು?"

"ನಾನ."

ಅಂದಷ್ಟು ಸುಲಭವಿರಲಿಲ್ಲ. ಸ್ಕೂಟಿ ಓಡಿಸಿ ರೂಢಿಯಾದ ಕೈ. ಇಲ್ಲಿ ನೋಡಿದರೆ ಕಿಕ್ ಹೊಡೆಯುವ ಕಡ್ಡಿಯೇ ಮಡಚಿದರೆ ಗೇರಿನ ಕಡ್ಡಿ. ಹದಿನೈದು ದಿನ ಮುಂಜಾನೆ ಶಾಲೆಯ ಮೈದಾನದಲ್ಲಿ ಪೀರಾ ಸಾಬ್ ಪಾಠ ಹೇಳಿದ. ಎರಡು ಸಲ ಬಿದ್ದಳು, ಮೊಣಕಾಲು ಕೆತ್ತಿತು. "ಟೀಚರ್ ಫೇಲ್," ಎಂದು ಅವಳ ಹತ್ತನೇ ಇಯತ್ತೆಯ ಹುಡುಗಿಯರು ಕಾಂಪೌಂಡಿನ ಮೇಲಿಂದ ಕಿಸಕ್ಕೆಂದರು. ಹದಿನಾರನೆಯ ದಿನ ಅವರೇ ಚಪ್ಪಾಳೆ ತಟ್ಟಿದರು.

ಆಮೇಲೆ ಬಂದ ಭಾನುವಾರ ಬಿಸಿಲೇರುವ ಮೊದಲೇ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಪೋತ್ನಾಳ ದಾಟಿ ಊರ ಅಗಸಿ ಕಂಡಿತೋ ಇಲ್ಲವೋ, ಕನಕಮ್ಮನ ಕಾಲು ತಾನಾಗಿ ನೆಲ ಹುಡುಕಿತು. ಸೆರಗು ತಲೆಗೆ ಎಳೆದುಕೊಂಡು ಅವಳು ಅರ್ಧ ಎದ್ದೇಬಿಟ್ಟಳು.

"ಕುಂದ್ರವ್ವ. ನನ್ನ ಸೊಂಟ ಹಿಡ್ಕೊ."

ಮೌನೇಶ್ವರಿ ಗೇರು ಇಳಿಸಿದಳು, ಚಾವಿ ಮುಟ್ಟಲಿಲ್ಲ. ಜೋರಾಗಿ ಓಡಿಸಿ ಪಾರಾಗುವುದು ಅವಳಿಗೆ ಬೇಕಿರಲಿಲ್ಲ. ಎತ್ತಿನ ಬಂಡಿಯ ನಡಿಗೆಯಲ್ಲಿ ನಡುರಸ್ತೆಯಲ್ಲೇ ಬಿಟ್ಟಳು. ವಾಡೆಯ ದೊಡ್ಡ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರದೋ ಲುಂಗಿ ಒಣಗುತ್ತಿತ್ತು. ಕಟ್ಟೆಯ ಮೇಲಿದ್ದ ಮುದುಕನೊಬ್ಬ ಪೇಪರಿನಿಂದ ತಲೆ ಎತ್ತಿ ಇವರನ್ನು ನೋಡಿದ, ಗಾಡಿಯನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ. ಅವ್ವ ಅವಳ ಸೊಂಟ ಬಿಡಲಿಲ್ಲ.

ಟಾಕಿಯ ಹತ್ತಿರ ಮೌನೇಶ್ವರಿ ಗಾಡಿ ನಿಲ್ಲಿಸಿದಳು. ಕನಕಮ್ಮ ಇಳಿಯಲಿಲ್ಲ. ಕುಳಿತಲ್ಲಿಂದಲೇ ಹಿಂದಕ್ಕೆ ಹೊರಳಿ ಅಗಸಿಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು.

"ಮೌನೀ," ಎಂದಳು, "ಇಷ್ಟ ಸಣ್ಣದಿತ್ತೇನು ಈ ದಾರಿ?"