ತೊದಲದ ಎಂಜಿನ್

ಬೇರಿಂಗಿಗೆ ಎಣ್ಣೆ ಹಚ್ಚುವಾಗ ಯಾರೂ ಮಾತಾಡುವುದಿಲ್ಲ. ಹಸಿ ಎಣ್ಣೆಗೆ ಬಿದ್ದ ಮಾತನ್ನು ಎಂಜಿನ್ ಮೊದಲ ಸಲ ಶುರುವಾದಾಗ ಎಲ್ಲರೆದುರು ಆಡಿಬಿಡುತ್ತದೆ. ಅದಕ್ಕೇ ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಆ ಹೊತ್ತಿಗೆ ಮೆಕ್ಯಾನಿಕ್ಕುಗಳು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂರುತ್ತಾರೆ.

ಫಕೀರಪ್ಪ ಅಂದು ಎಲೆಯಡಿಕೆ ಹಾಕಿಕೊಂಡಿರಲಿಲ್ಲ. ಅವನ ಮುಂದಿದ್ದದ್ದು ಅವನಿಗೆ ಕೆಲಸ ಕಲಿಸಿದ ಹುಸೇನಸಾಬರ ಸ್ವಂತ ಕಾರಿನ ಎಂಜಿನ್. ಹೋದ ವರ್ಷ ಅದನ್ನು ಜೋಡಿಸಿದವರೂ ಅವರೇ. ಬಿಚ್ಚಿ ನೋಡಿದರೆ ಬೇರಿಂಗಿನ ಬೆನ್ನಿಗೆ ಮರಳಿನ ಹರಳು ಅಂಟಿತ್ತು, ಒರೆಸದೆ ಕೂರಿಸಿದ್ದರು. ಹೊಸ ಬೇರಿಂಗ್ ಕೂರಿಸಿ ಬೆರಳಿನಿಂದ ಎಣ್ಣೆ ಸವರುತ್ತಿದ್ದಾಗ ಫಕೀರಪ್ಪನ ಬಾಯಿ ಜಾರಿತು.

ಈಗ ಹುಸೇನಸಾಬರು ಬಂದು ಸೀಟಿನಲ್ಲಿ ಕೂತಿದ್ದರು.

“ಉಸ್ತಾದರ, ನೀವು ಚಾ ಕುಡದ ಬರ್ರಿ. ಅಷ್ಟರಾಗ ನಾ ಚಾಲೂ ಮಾಡಿ ನೋಡ್ತೀನಿ.”

“ಚಾ ಎಲ್ಲಿ ಓಡಿ ಹೋಗತೈತಿ?” ಎಂದು ಅವರು ಕೀಲಿ ತಿರುಗಿಸಿದರು.

ಎಣ್ಣೆ ಸರಿಯಾಗಿ ಮುಟ್ಟದ ಎಂಜಿನ್ ಮಾತಾಡುವಾಗ ತೊದಲುತ್ತದೆ. ಇದೊಂದು ತೊದಲಲಿ ಎಂದು ಫಕೀರಪ್ಪ ದೇವರಲ್ಲಿ ಬೇಡಿಕೊಂಡ.

ಎಂಜಿನ್ ಒಮ್ಮೆ ಕೆಮ್ಮಿ, ಅವನದೇ ದನಿಯಲ್ಲಿ ಹೇಳಿತು: “ಮುದುಕಗ ಕಣ್ಣ ಕಾಣೂದಿಲ್ಲ, ಕೈ ನಡಗತಾವ. ಇನ್ನ ಗ್ಯಾರೇಜಿಗೆ ಬರೂದ ಬಿಟ್ರ ಪುಣ್ಯಾ ಬರತೈತಿ.”

ಆಮೇಲೆ ಅದು ನಯವಾಗಿ ತಿರುಗತೊಡಗಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಫಕೀರಪ್ಪ ತಲೆ ತಗ್ಗಿಸಿ ನಿಂತ.

ಹುಸೇನಸಾಬರು ಕೆಳಗಿಳಿದು, ನಡುಗುವ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಬಹಳ ಹೊತ್ತು ಆಲಿಸಿದರು.

“ಒಂದ ಅಕ್ಷರನೂ ತೊದಲಲಿಲ್ಲ ನೋಡು,” ಎಂದರು. “ಎಣ್ಣಿ ಎಲ್ಲಾ ಬೇರಿಂಗಿಗೂ ಮುಟ್ಟೈತಿ. ಚಲೋ ಕೂಡ್ಸೀದಿ, ಫಕೀರಾ.”