ಏಡಿ ಮಾತ್ರೆ

"ಇಳೀಬೇಕಿತ್ತು ಅಜ್ಜಿ. ಏರಿದೆ," ಅಂದಳು ನರ್ಸು, ಮಗುವಿನ ರಕ್ತದ ವರದಿಯಿಂದ ಕಣ್ಣು ತೆಗೆಯದೆ.

ಮಡಿಲಲ್ಲಿ ಕೂತ ಪುಟ್ಟ ಮೊಮ್ಮಗಳು ಅಜ್ಜಿಯ ಬಳೆ ತಿರುಗಿಸುತ್ತ ತನ್ನ ಪಾಡಿಗೆ ತಾನಿದ್ದಳು. ಮಗನದು ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ. ಆ ಸೀಸದ ಧೂಳು ಅವನ ಮೈಮೇಲೆ ಕೂತು ಮನೆಗೆ ಬಂದು ಮಗುವಿನ ರಕ್ತ ಸೇರಿತ್ತು. ಹೀಗೇ ಬಿಟ್ಟರೆ ಮಿದುಳಿಗೆ ತಗುಲಿ ಮಗು ಮಂಕಾಗುತ್ತೆ ಅಂದಿದ್ದರು ಡಾಕ್ಟರು.

"ಮಾತ್ರೆ ತಪ್ಪಿಸಿದ್ರಾ?"

"ಅಯ್ಯೋ, ಒಂದು ಹೊತ್ತೂ ಇಲ್ಲ ತಾಯಿ! ಕೊಳೆತ ಮೊಟ್ಟೆ ನಾತ ಹೊಡೆಯೋ ಆ ಮಾತ್ರೆ ಬಿಚ್ಚಿ, ಪುಡೀನ ಹಣ್ಣಲ್ಲಿ ಕಿವುಚಿ, ಕಾಗೆ ಗುಬ್ಬಿ ತೋರಿಸಿ ತಿನ್ನಿಸಿದೀನಿ. ನೀನೇ ಹೇಳಿದ್ಯಲ್ಲ, ಏಡಿ ಹಿಡ್ದ ಹಾಗೆ ಸೀಸಾನ ಗಟ್ಟಿಯಾಗಿ ಹಿಡ್ಕೊಂಡು ಉಚ್ಚೇಲಿ ಹೊರಗೆ ಎಳ್ಕೊಂಡು ಹೋಗುತ್ತೆ ಅಂತ. ನಿನ್ನ ಏಡಿ ಎಲ್ಲಿ ಹೋಗಿ ಮಲಗ್ತೋ!"

"ಏಡಿ ಮಲಗಿಲ್ಲ ಅಜ್ಜಿ. ಮೂಳೆಯೊಳಗೆ ಕೂತಿರೋ ಸೀಸ ಒಂದಿಷ್ಟು ಮತ್ತೆ ರಕ್ತಕ್ಕೆ ಬರುತ್ತೆ, ಆದ್ರೆ ಇಷ್ಟೊಂದಲ್ಲ. ಮನೇಲೇ ಎಲ್ಲಿಂದಲೋ ಒಳಗೆ ಹೋಗ್ತಿದೆ. ಮಾತ್ರೆ ಮೇಲಿಂದ ಮೇಲೆ ಕೊಡೋಕೂ ಭಯ. ಆ ಏಡಿಗೆ ಕಣ್ಣಿಲ್ಲ. ಮಗು ಬೆಳೆಯೋಕೆ ಬೇಕಾದ ಸತುವನ್ನೂ ಹಿಡ್ಕೊಂಡು ಹೋಗುತ್ತೆ. ಇರಿ, ಇನ್ನೊಂದ್ಸಲ ರಕ್ತ ತೆಗೀತೀನಿ."

ಅಜ್ಜಿ ಮನಸ್ಸಿನಲ್ಲೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು. ನೆಲ ಒರೆಸಿದ್ದು ಒದ್ದೆ ಬಟ್ಟೆಯಲ್ಲೇ. ಸೊಸೆ ಪಾತ್ರೆಗಳನ್ನು ಎರಡೆರಡು ಸಲ ತೊಳೆಯುತ್ತಾಳೆ. ಮಗ ಕೆಲಸದ ಜಾಗದಲ್ಲೇ ಮಿಂದು, ಬಟ್ಟೆ ಬದಲಿಸಿ, ಮಗು ಮಲಗಿದ ಮೇಲೇ ಬರುವುದು. ಮೊದಲೆಲ್ಲ ಬಾಗಿಲಲ್ಲೇ ಮಗಳನ್ನು ಎತ್ತಿ ಹಾರಿಸುತ್ತಿದ್ದವನು ಈಗ ದೂರದಿಂದ ಕಳ್ಳನ ಹಾಗೆ ನೋಡಿ ಹೋಗುತ್ತಿದ್ದ. ಇನ್ನೆಲ್ಲಿಂದ ಬಂತು ಈ ಪೀಡೆ?

ಸೂಜಿ ಚುಚ್ಚಿದ್ದೇ ತಡ, ಮಗು ಸೂರು ಹಾರಿಹೋಗುವಂತೆ ಕಿರುಚಿತು. "ಬಂತು ಬಂತು, ನಮ್ಮಪ್ಪಂದು ಬಂತು," ಎನ್ನುತ್ತ ಅಜ್ಜಿ ಚೀಲದಿಂದ ಒಂದು ಮಾಸಲು ಅಂಗಿ ಎಳೆದಳು. ಮಗು ಅದನ್ನು ಅವಚಿಕೊಂಡು, ತೋಳಿನ ತುದಿ ಬಾಯಿಗಿಟ್ಟು ಚೀಪತೊಡಗಿತು. ಅಳು ಅಲ್ಲಿಗೆ ಬಂದ್.

ನರ್ಸಿನ ಕೈ ಹಾಗೇ ನಿಂತಿತು. "ಏನಜ್ಜಿ ಅದು?"

"ಅವರಪ್ಪನ ಕೆಲಸದ ಅಂಗಿ. ಅವನು ಎತ್ಕೊಳ್ಳೋದೇ ಬೇಡ ಅಂದ್ರಲ್ಲ ಡಾಕ್ಟ್ರು, ಅಪ್ಪಾ ಅಪ್ಪಾ ಅಂತ ಒಂದೇ ಹಟ. ಮುಂಚಿನಿಂದ ಮನೇಲಿ ಮೊಳೆಗೆ ನೇತಾಡ್ತಿದ್ದ ಈ ಹಳೇದನ್ನ ಕೊಟ್ಟೆ, ತಬ್ಕೊಂಡು ಮಲಗಿಬಿಡ್ತು."

"ತೊಳೆದು ಕೊಟ್ರಾ?"

"ತೊಳೆದ್ರೆ ಅಪ್ಪನ ವಾಸನೆ ಹೋಗಿಬಿಡುತ್ತಲ್ಲ..." ಅನ್ನುತ್ತಲೇ ಅಜ್ಜಿ ಮಗುವಿನ ಬಾಯಿಂದ ಅಂಗಿಯ ತೋಳು ಎಳೆದಳು.

ನರ್ಸು ಕೈಗವಸು ಹಾಕಿ ಅಂಗಿ ಬಿಡಿಸಿಕೊಂಡು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಬಿಗಿದಳು. ಇವತ್ತು ವರದಿ ಬರುತ್ತೆಂದು ಕೆಲಸದಿಂದ ಓಡಿ ಬಂದಿದ್ದ ಅಜ್ಜಿಯ ಮಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮಗು ಅವನತ್ತ ಎರಡೂ ತೋಳು ಚಾಚಿತು.

"ಎತ್ಕೋ. ಸ್ನಾನ ಮಾಡ್ಕೊಂಡೇ ಬಂದಿದೀಯ ತಾನೆ?" ಅಂದಳು ಅಜ್ಜಿ.

"ಮಾಡಿದೀನಮ್ಮ," ಅಂದವನು ಮೂಲೆಯ ನಲ್ಲಿಯತ್ತ ತಿರುಗಿದ.

ಸೋಪು ಹಚ್ಚಿ ತೊಳೆದ. ಉಗುರು ನೋಡಿಕೊಂಡ. ಮತ್ತೆ ಹಚ್ಚಿದ. ಬೆನ್ನ ಹಿಂದೆ ಮಗು ಕೂಗುತ್ತಲೇ ಇತ್ತು. ನಲ್ಲಿ ಮಾತ್ರ ನಿಲ್ಲಲಿಲ್ಲ.