ಇಂದುಮತಿಬಾಯಿ ಪಾಲಿನ ಕ್ಯೂಬಾ

ಇತಿಹಾಸದ ಒಂದೊಂದು ಘಟನೆಯನ್ನು ಒಬ್ಬೊಬ್ಬರು ನೆನಪಿಟ್ಟುಕೊಳ್ಳಬೇಕು. ಮರೆತರೆ ಅದು ನಡೆದೇ ಇರುವುದಿಲ್ಲ; ಅದರ ಕೊನೆಯನ್ನು ಮರೆತರೆ, ಆಮೇಲೆ ಬಂದದ್ದು, ಹುಟ್ಟಿದವರು ಯಾರೂ ಇರುವುದಿಲ್ಲ. ಧಾರವಾಡದ ಇಂದುಮತಿಬಾಯಿಯ ಪಾಲಿಗೆ ಬಂದದ್ದು, ಅಮೆರಿಕ-ರಷ್ಯಾಗಳು ಅಣುಯುದ್ಧದ ಅಂಚಿಗೆ ಬಂದು ನಿಂತಿದ್ದ ೧೯೬೨ರ ಕ್ಯೂಬಾ ಬಿಕ್ಕಟ್ಟು. ಪಿಂಚಣಿದಾರರು ಬದುಕಿದ್ದಾರೆಯೇ ಎಂದು ನೋಡುವ ಹಾಗೆ, ಇದಕ್ಕೂ ಪ್ರತಿ ನವೆಂಬರಿನಲ್ಲಿ ಗುಮಾಸ್ತ ಬರುತ್ತಾನೆ.

“ಬಾಯಾರ, ಕಡೀಗೆ ಅಣುಬಾಂಬ್ ಬಿದ್ದವೋ ಇಲ್ಲೋ?”

“ಮೊದಲ ಚಹಾ ಕುಡೀರಿ.”

“ಮೂರು ಕಪ್ ಆತ್ರೀ. ಹೇಳ್ರಿ.”

ಮುದುಕಿಗೆ ನೆನಪಾಗಲಿಲ್ಲ. ಪಕ್ಕದಲ್ಲಿದ್ದ ಮಗಳು ವತ್ಸಲಾ ಆಗಲೇ ಗಾಜಿನಂತೆ ಪಾರದರ್ಶಕವಾಗತೊಡಗಿದ್ದಳು. ಬೇರೆಯವರು ಹೇಳಿಕೊಡುವಂತಿಲ್ಲ.

ಇಂದುಮತಿಬಾಯಿ ಮಗಳನ್ನೇ ದಿಟ್ಟಿಸಿದಳು. “ಇಕಿನ್ನ ಅರವತ್ತೈದನೇ ಇಸ್ವಿಯಾಗ ಹಡದೀನಿ. ಬಾಂಬ್ ಬಿದ್ದಿದ್ರ ಹೆಂಗ ಹಡೀತಿದ್ದೆ? ಬರ್ಕೋರಿ, ಬಿದ್ದಿಲ್ಲ.”

“ಇದು ನೆನಪಲ್ರೀ, ತರ್ಕ. ನಿಯಮದಾಗ ಬರೂದಿಲ್ಲ.”

“ನೀವು ಹುಟ್ಟಿದ್ದು ಯಾವಾಗ್ರೀ?”

ಗುಮಾಸ್ತ ಹುಟ್ಟಿದ್ದು ಎಪ್ಪತ್ತರಲ್ಲಿ. ಆಕ್ಷೇಪಣೆಯ ಕಾಲಂ ಖಾಲಿ ಬಿಟ್ಟು, ಅವಸರದಲ್ಲಿ ಸಹಿ ಹಾಕಿದ.